ಸೋಮವಾರದ ಖಾಲಿ ಸಾಲು

ಸರುಬಾಯಿಗೆ ನಾನು ಸುಳ್ಳು ಹೇಳಿದೆ. ಬೇಕೆಂದು ಹೇಳಿದ್ದಲ್ಲ. ಆದರೆ ಗೊತ್ತಿಲ್ಲದ್ದನ್ನು ಗೊತ್ತಿದ್ದವಳ ಗತ್ತಿನಲ್ಲಿ ಹೇಳಿದ್ದರಿಂದ ಅದನ್ನು ಸುಳ್ಳೆಂದೇ ಕರೆಯುತ್ತೇನೆ. ಬೇರೆ ಯಾರಾದರೂ ಹೀಗೆ ಮಾಡಿದ್ದರೆ ನಾನು ಅದಕ್ಕಿಂತ ಕೆಟ್ಟ ಹೆಸರಿಡುತ್ತಿದ್ದೆ.

ಆಕೆ ವಲಾಂಡಿಯಿಂದ ಬಸ್ಸು ಹಿಡಿದು ಉದಗೀರಿನ ನಮ್ಮ ಅಂಗಡಿಗೆ ಬಂದದ್ದು ಬುಧವಾರ ಮುಂಜಾನೆ. ನಮ್ಮದು ಸೌರ ಪಂಪು ಮಾರುವ, ಕೂಡಿಸುವ, ರಿಪೇರಿ ಮಾಡುವ ಅಂಗಡಿ. ಪಂಪು, ಪೈಪು ನನ್ನ ಗಂಡ ಧನರಾಜನ ಪಾಲು. ಪಂಪನ್ನು ಹೊತ್ತಿಗೆ ಸರಿಯಾಗಿ ಚಾಲೂ ಮಾಡಿ, ಹೊತ್ತಾದ ಮೇಲೆ ಬಂದ್ ಮಾಡುವ ಪುಟ್ಟ ಡಬ್ಬಿ ಇರುತ್ತದಲ್ಲ, ಅದು ನನ್ನ ಪಾಲು. ಸರುಬಾಯಿಯ ಭಾವಕಿಯ, ಅಂದರೆ ಗಂಡನ ಕಡೆಯ ದಾಯಾದಿಗಳ, ಮೂರು ಮನೆಗಳಿಗೆ ಕೂಡಿ ಒಂದೇ ಬಾವಿ. ಹೋದ ವರ್ಷ ಆ ಬಾವಿಗೆ ಡಬ್ಬಿ ಕೂಡಿಸಿಕೊಟ್ಟವರು ನಾವೇ.

ಚಹಾ ಕೊಟ್ಟರೂ ಆಕೆ ಮುಟ್ಟಲಿಲ್ಲ. ನೇರ ಮಾತಿಗೇ ಬಂದಳು.

“ಮ್ಯಾಡಮ್, ನಿಮ್ಮ ಡಬ್ಬಿ ಯಾರೂ ಕೈ ಹಚ್ಚಲಾರದಽ ತಾನೇ ಚಾಲೂ ಆಗತದೇನ್ರೀ?”

“ನಾವು ಬರದಿಟ್ಟ ಹೊತ್ತಿಗಿ ಆಗತದ. ಬ್ಯಾರೆ ಹೊತ್ತಿಗಿ ಆಗಂಗಿಲ್ಲ.”

“ಸೋಮಾರ?”

“ಸೋಮಾರ ಹ್ಯಾಂಗ ಆಗತದ ಸರುಬಾಯಿ? ಸೋಮಾರದ ಮುಂದ ನಾವು ಏನೂ ಬರದಿಲ್ಲಲ್ಲ. ಒಳಗಿನ ಕೋಡ್ ನಾನೇ ಓದಿ ಒಪ್ಪೀನಿ.”

ಆಕೆಯ ಮುಖ ಇಳಿಯಿತು. ಏನಾಗಿದೆ ಎಂದು ಆಮೇಲೆ ಕೇಳಿದೆ, ಮೊದಲೇ ಕೇಳಬೇಕಿತ್ತು.

ಆ ಮೂರು ಮನೆಯವರು ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಬಸವಣ್ಣನ ದಿನ. ಎತ್ತು ಹೋಗಿ ಮೋಟಾರು ಬಂದರೂ ನೇಮ ಹೋಗಲಿಲ್ಲ; ಸೋಮವಾರ ಮೋಟಾರಿಗೂ ರಜೆ, ಹೊಲದ ಕಡೆ ಯಾರೂ ತಲೆ ಹಾಕುವುದಿಲ್ಲ. ಒಂದು ದಿನ ಬಾವಿ ತುಂಬಿಕೊಳ್ಳುತ್ತದೆ, ಮಂಗಳವಾರ ಸರುಬಾಯಿಯ ಪಾಳಿ. ಆದರೆ ಮೂರು ವಾರಗಳಿಂದ ಮಂಗಳವಾರ ಬಾವಿಯಲ್ಲಿ ನೀರೇ ಇಲ್ಲ. ಭಾವಕಿಯ ಹಿರಿಯರಾದ ಕಾಶೆಪ್ಪ ಬಂದು ಡಬ್ಬಿಯ ಮೇಲಿನ ಅಂಕಿ ನೋಡಿದರು. ಯಾವ ದಿನ ಎಷ್ಟು ತಾಸು ಓಡಿದೆ ಎಂದು ಡಬ್ಬಿ ತೋರಿಸುತ್ತದೆ. ಮೂರೂ ಸೋಮವಾರ ನಾಲ್ಕು ನಾಲ್ಕು ತಾಸು ಓಡಿತ್ತು.

ಡಬ್ಬಿಯ ಕೋಣೆ ಸರುಬಾಯಿಯ ಹೊಲದ ಬದುವಿನ ಮೇಲಿದೆ. ಅದರ ಚಾವಿ ಆಕೆಯ ಬಳಿ. ಇನ್ನೇನು ಬೇಕು? ಆಕೆಯ ಗಂಡನ ದೊಡ್ಡಪ್ಪನ ಮಗ ಶಿವರಾಯ ಊರೆಲ್ಲ ಹೇಳಿಕೊಂಡು ಬಂದ: ಗಂಡ ಸತ್ತ ಮೇಲೆ ಈಕೆಗೆ ದೇವರ ಹೆದರಿಕೆಯೂ ಉಳಿದಿಲ್ಲ, ಸೋಮವಾರ ಕದ್ದು ಮೋಟಾರು ಹಚ್ಚುತ್ತಾಳೆ. ಬರುವ ಸೋಮವಾರ ಎಲ್ಲರೂ ಬಾವಿಯ ಬಳಿ ಕೂಡಿ ಚಾವಿ ಕಸಿದುಕೊಳ್ಳುವುದೆಂದೂ, ಡಬ್ಬಿಯನ್ನು ಶಿವರಾಯನ ಹೊಲಕ್ಕೆ ಒಯ್ಯುವುದೆಂದೂ ಮಾತಾಗಿತ್ತು.

“ನೀರಿಂದು ಹೋಗ್ಲಿ ಮ್ಯಾಡಮ್,” ಎಂದಳು ಸರುಬಾಯಿ. “ಗೋದಿ ಒಂದು ವರ್ಷ ಹೋದ್ರ ಮತ್ತೊಂದು ವರ್ಷ ಬರತದ. ಸೋಮಾರ ಮುರದಾಕಿ ಅಂತ ಹೆಸರಿಟ್ಟಾರ ನನಗ. ನನ್ನ ಮಗಳನ್ನ ಕೇಳಲಾಕ ಬಂದವರ ಮುಂದೂ ಅದೇ ಮಾತು ಹೋಗತದ. ನಾ ಮೋಟಾರ ಮುಟ್ಟಿಲ್ಲ. ನಿಮ್ಮ ಡಬ್ಬಿನೂ ತಪ್ಪು ಮಾಡಿಲ್ಲ ಅಂದ್ರ, ಮತ್ತ ಯಾರು?”

ಆಕೆ ಸೆರಗು ಸರಿಮಾಡಿಕೊಂಡು ಬಸ್ ಸ್ಟ್ಯಾಂಡಿನ ಕಡೆ ಹೋದಳು.

ನಾನು ಗಲ್ಲಾದ ಮೇಲೇ ಲ್ಯಾಪ್‌ಟಾಪ್ ತೆರೆದು ಕೋಡ್ ಓದಲು ಕುಳಿತೆ. ಈ ಸಲ ನಿಜವಾಗಿ ಓದಿದೆ.

ಆ ಡಬ್ಬಿಯೊಳಗಿನ ಪ್ರೋಗ್ರಾಮು ಓಪನ್ ಸೋರ್ಸ್. ಯಾರು ಬೇಕಾದರೂ ತೆಗೆದುಕೊಳ್ಳಬಹುದು, ಯಾರು ಬೇಕಾದರೂ ಒಳಗೆ ಇಣುಕಿ ನೋಡಬಹುದು. ಅದನ್ನು ಸಿ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದವನು ನಿಲಂಗಾದ ವಿರೂಪಾಕ್ಷ. ನಿಲಂಗಾದಲ್ಲಿ ಮನೆಯ ಮಾಳಿಗೆಯ ಮೇಲೆ ಕುಳಿತು ಅವನು ಬರೆದದ್ದು ಇವತ್ತು ಎಲ್ಲೆಲ್ಲಿಯೋ ಪಂಪು ತಿರುಗಿಸುತ್ತಿದೆ. ಅವನಿಗೆ ಸಿ ಕಲಿಸಿದವಳು ನಾನು. ಮದುವೆಗೆ ಮುಂಚೆ ಉಮರ್ಗಾದ ಒಂದು ಕಂಪ್ಯೂಟರ್ ಕ್ಲಾಸಿನಲ್ಲಿ ಪಾಠ ಹೇಳುತ್ತಿದ್ದೆ, ಅವನು ಮೊದಲ ಬೆಂಚಿನಲ್ಲಿ ಕುಳಿತು ತಲೆ ತಿನ್ನುತ್ತಿದ್ದ. ಅದೇ ಸಲಿಗೆಯಲ್ಲಿ ಮೂರು ವರ್ಷದ ಹಿಂದೆ, “ಮ್ಯಾಡಮ್, ನನ್ನ ಕೋಡ್ ನೀವೇ ತಿದ್ದಬೇಕು,” ಎಂದು ಗಂಟು ಬಿದ್ದಿದ್ದ. ನಾವು ಹಾಕಿಕೊಂಡ ನಿಯಮ ಇಷ್ಟೇ: ಅವನು ಏನೇ ಬದಲಾಯಿಸಲಿ, ನಾನು ಓದಿ ಒಪ್ಪಿಗೆ ಕೊಡುವ ತನಕ ಅದು ಒಳಗೆ ಹೋಗಬಾರದು.

ಡಬ್ಬಿಗೆ ಒಂದು ಸೆಟ್ಟಿಂಗ್ ಫೈಲ್ ಇದೆ. ಏಳು ಸಾಲು. ಪ್ರತಿ ಸಾಲಿನಲ್ಲಿ ವಾರದ ಹೆಸರು, ಬರೋಬರಿಯ (=) ಗುರುತು, ಆಮೇಲೆ ಎಷ್ಟು ತಾಸು ಎಂಬ ಅಂಕಿ. ವಲಾಂಡಿಯ ಫೈಲನ್ನು ಅವರ ಮುಂದೆಯೇ ಕುಳಿತು ನಾನೇ ಬರೆದಿದ್ದೆ. ಐತವಾರ ನಾಲ್ಕು ತಾಸು, ಶಿವರಾಯನದು. ಸೋಮವಾರಕ್ಕೆ ಬಂದಾಗ ಸೊನ್ನೆ ಹಾಕಲು ಹೊರಟೆ. ಕಾಶೆಪ್ಪ ತಡೆದರು. “ಸೋಮಾರದ ಮುಂದ ಮೋಟಾರಿನ ಅಂಕಿ ಯಾವುದೂ ಬರಿಬ್ಯಾಡ್ರಿ. ಸೊನ್ನಿ ಆದ್ರೂ ಅಂಕಿನೇ.” ಹಿರಿಯರ ಮಾತು. ಖಾಲಿ ಬಿಟ್ಟೆ. ಆಗಿನ ಪ್ರೋಗ್ರಾಮಿನಲ್ಲಿ ಖಾಲಿ ಎಂದರೆ ಸೊನ್ನೆಯೆಂದೇ ಅರ್ಥ. ಒಂದು ವರ್ಷ ಏನೂ ತೊಂದರೆಯಾಗಲಿಲ್ಲ.

ಒಂದು ತಿಂಗಳ ಹಿಂದೆ ವಿರೂಪಾಕ್ಷ ಈ ಸೆಟ್ಟಿಂಗ್ ಓದುವ ಭಾಗವನ್ನೇ ಹೊಸದಾಗಿ ಬರೆದ. ಮುನ್ನೂರ ನಲವತ್ತು ಸಾಲು. ಅವನು ಅದನ್ನು ಒಪ್ಪಿಗೆಗೆ ಕಳಿಸಿದ ದಿನ ನಾನು ಜಳಕೋಟದಲ್ಲಿ ನಾದಿನಿಯ ಮಗನ ಮದುವೆಯಲ್ಲಿದ್ದೆ. ಊಟದ ಪಂಕ್ತಿಯಲ್ಲಿ ಕುಳಿತು, ಬಲಗೈಯಲ್ಲಿ ಹೋಳಿಗೆ, ಎಡಗೈಯಲ್ಲಿ ಫೋನು ಹಿಡಿದು ಮೇಲಿಂದ ಕೆಳಗೆ ಬೆರಳಾಡಿಸಿದೆ. ನನ್ನ ಕೈಯಲ್ಲಿ ಕಲಿತ ಹುಡುಗ, ತಪ್ಪು ಬರೆಯುತ್ತಾನೆಯೇ ಎಂಬ ಜಂಬ ಬೇರೆ. ‘ಸರಿ ಇದೆ’ ಎಂದು ಒತ್ತಿ ಎರಡನೆಯ ಹೋಳಿಗೆ ಹಾಕಿಸಿಕೊಂಡೆ. ಮುಂದಿನ ವಾರ ಧನರಾಜ ಆ ಹೊಸ ಪ್ರೋಗ್ರಾಮನ್ನು ವಲಾಂಡಿಯ ಡಬ್ಬಿಗೂ ಹಾಕಿ ಬಂದ.

ತಪ್ಪು ಇದ್ದದ್ದು ಎರಡು ಕಡೆ. ಸಾಲು ಓದುವ ಫಂಕ್ಷನ್, ಅಂದರೆ ಪ್ರೋಗ್ರಾಮಿನ ಆ ತುಣುಕು, ಓದಿ ಮುಗಿಸಿದ ಮೇಲೆ ತನಗೆ ಎಷ್ಟು ಸಂಗತಿ ಸಿಕ್ಕವು ಎಂದು ಹೇಳುತ್ತದೆ. ವಾರ, ತಾಸು ಎರಡೂ ಸಿಕ್ಕರೆ ಎರಡು. ವಾರ ಮಾತ್ರ ಸಿಕ್ಕರೆ ಒಂದು. ವಿರೂಪಾಕ್ಷನ ಕೋಡ್ ಆ ಉತ್ತರವನ್ನು ಕೇಳಿಸಿಕೊಳ್ಳುತ್ತಲೇ ಇರಲಿಲ್ಲ. ಇನ್ನೊಂದು, ಪ್ರತಿ ಸಾಲಿಗೆ ಮುಂಚೆ ತಾಸಿನ ಜಾಗವನ್ನು ಸೊನ್ನೆ ಮಾಡುವ ಹಳೆಯ ಸಾಲನ್ನು ಅವನು ಬೇಡವೆಂದು ತೆಗೆದುಹಾಕಿದ್ದ. ಮೊದಲಿನವನು ಉಂಡ ತಾಟನ್ನು ತೊಳೆಯದೆ ಮುಂದಿನವನ ಮುಂದೆ ಇಟ್ಟ ಹಾಗೆ. ಸೋಮವಾರದ ಸಾಲು ಖಾಲಿ. ಆ ಜಾಗದಲ್ಲಿ ಐತವಾರದ ನಾಲ್ಕು ಹಾಗೇ ಉಳಿದಿತ್ತು. ಡಬ್ಬಿ ಸೋಮವಾರಕ್ಕೂ ನಾಲ್ಕು ತಾಸು ಎಂದು ತಿಳಿದು, ಉಳಿದ ದಿನಗಳಂತೆಯೇ ಮುಂಜಾನೆ ಒಂಬತ್ತಕ್ಕೆ ಶಿಸ್ತಾಗಿ ಮೋಟಾರು ಹಚ್ಚಿತ್ತು.

ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಉಮರ್ಗಾದ ಕ್ಲಾಸಿನಲ್ಲಿ ಕಪ್ಪು ಹಲಗೆಯ ಮೇಲೆ ದಿನಾ ಬರೆಸುತ್ತಿದ್ದ ಪಾಠ ಅದು: ಎಷ್ಟು ಸಿಕ್ಕವು ಎಂದು ಕೇಳದೆ ಮುಂದೆ ಹೋಗಬೇಡಿ. ಕಲಿತವನೂ ಕೇಳಲಿಲ್ಲ, ಕಲಿಸಿದವಳೂ ನೋಡಲಿಲ್ಲ.

ವಿರೂಪಾಕ್ಷನಿಗೆ ಫೋನು ಹಚ್ಚಿ ಸರುಬಾಯಿಯ ಸಂಗತಿಯನ್ನೆಲ್ಲ ಹೇಳಿದೆ. ಅವನು ಕೋಡ್ ತೆರೆದು ನೋಡಿದ.

“ಖರೆ ಅದ ಮ್ಯಾಡಮ್. ಚೂಕ ಆಗ್ಯಾದ. ಈಗೇ ಸರಿ ಮಾಡತೀನಿ.”

ಅರ್ಧ ತಾಸಿನಲ್ಲಿ ತಿದ್ದುಪಡಿ ಬಂತು. ಕೋಡ್ ಸರಿಯಿತ್ತು. ಎಷ್ಟು ಸಿಕ್ಕವು ಎಂದು ಕೇಳುತ್ತಿತ್ತು, ಜಾಗ ಸೊನ್ನೆ ಮಾಡುತ್ತಿತ್ತು, ಓದಲು ಬಾರದ ಸಾಲು ಕಂಡರೆ ಕೆಂಪು ದೀಪ ಹಚ್ಚಿ ನಿಲ್ಲುತ್ತಿತ್ತು. ಆದರೆ ಮೇಲೆ ಬದಲಾವಣೆ ಏನೆಂದು ಬರೆಯುವ ಜಾಗದಲ್ಲಿ ಎರಡೇ ಪದ: ‘ಸಣ್ಣ ಸ್ವಚ್ಛತೆ’.

ನಾನು ‘ಒಪ್ಪಿಗೆ ಇಲ್ಲ’ ಎಂದು ಒತ್ತಿದೆ. ಕೂಡಲೇ ಅವನ ಫೋನು ಬಂತು.

“ಕೋಡ್‌ನಾಗ ಏನು ತಪ್ಪದ ಮ್ಯಾಡಮ್?”

“ಕೋಡ್ ಸರಿ ಅದ. ಮ್ಯಾಲ ಬರದಿದ್ದು ಸುಳ್ಳದ. ಖಾಲಿ ಬಿಟ್ಟ ದಿನ ಹಿಂದಿನ ದಿನದ ಅಂಕಿ ಹಿಡದು ಮೋಟಾರ ತಾನೇ ಓಡತಿತ್ತು ಅಂತ ಬರಿ. ಒಂದು ತಿಂಗಳು ಹಂಗ ಓಡ್ಯಾದ ಅಂತ ಬರಿ. ಬರದವ ನೀ, ನೋಡಲಾರದೆ ಒಪ್ಪಿದಾಕಿ ನಾ, ಅದೂ ಬರಿ. ಈ ಡಬ್ಬಿ ಹಾಕಿಕೊಂಡವರಿಗೆಲ್ಲ ಹೋಗ್ಲಿ.”

ಅವನು ಧ್ವನಿ ತಗ್ಗಿಸಿದ. ಒಂದು ಪಂಪು ಕಂಪನಿ ಅವನ ಪ್ರೋಗ್ರಾಮನ್ನು ತನ್ನ ಎಲ್ಲ ಪಂಪುಗಳಿಗೂ ಹಾಕಲು ಹೊರಟಿತ್ತು. ಬರುವ ವಾರ ಅವರ ತೀರ್ಮಾನ.

“ಈಗ ಅಷ್ಟು ದೊಡ್ಡದಾಗಿ ಬರದ್ರ ಅವರು ಹಿಂದ ಸರೀತಾರ. ಮೂರು ವರ್ಷದ ಮೆಹನತ್ ಅದ. ಅಲ್ಲದಽ ಖಾಲಿ ಯಾಕ ಬಿಟ್ರಿ? ಸೊನ್ನಿ ಹಾಕಿದ್ರ ಮುಗೀತಿತ್ತು. ಖಾಲಿ ಬಿಟ್ಟವರದೂ ತಪ್ಪೇ.”

“ಖಾಲಿ ಬಿಟ್ಟಾಕಿ ನಾನೇ. ನಿಮ್ಮವ್ವ ಸೋಮಾರ ಹೊಲಕ್ಕ ಹೋಗತಾರೇನೋ?”

“ಇಲ್ಲ.”

“ಮತ್ತ ನಿನ್ನ ಕೋಡ್‌ಗೆ ಅದು ಯಾಕ ಗೊತ್ತಿಲ್ಲ? ವಲಾಂಡಿ ನಿನ್ನ ಊರಿನಿಂದ ಎಷ್ಟು ದೂರ ಅದ? ಸೋಮಾರದ ಮುಂದ ಅಂಕಿ ಬರಿಲಾರದ ಮಂದಿ ನಿನ್ನ ಮನ್ಯಾಗೇ ಇದ್ದಾರ.”

ಅವನು ಮಾತು ತಿರುಗಿಸಿ, ನೀವು ಒಪ್ಪದಿದ್ದರೆ ಬೇರೆ ಯಾರಿಂದಾದರೂ ಓದಿಸಿ ಒಪ್ಪಿಗೆ ತೆಗೆದುಕೊಳ್ಳುತ್ತೇನೆ, ನಿಯಮ ಬರೆದವನು ನಾನೇ ಅಲ್ಲವೇ ಎಂದ. ಆ ಮಾತು ನನ್ನ ನೆತ್ತಿಗೇರಿತು.

“ತಗೋ. ಯಾರ ಬಲ್ಲಿ ಬೇಕಾದ್ರೂ ತಗೋ. ಆದ್ರ ನನ್ನ ‘ಒಪ್ಪಿಗೆ ಇಲ್ಲ’ ಅಲ್ಲೇ ಇರತದ, ಯಾಕ ಇಲ್ಲ ಅನ್ನೋದೂ ಅದರ ಕೆಳಗ ಇರತದ. ನಿನ್ನ ಕಂಪನಿಯವರೂ ಓದ್ಲಿ. ಅಲ್ಲ, ನೀನೇ ಸೋಮಾರ ವಲಾಂಡಿಗಿ ಬಾ. ಸರುಬಾಯಿ ಮುಂದ ನಿಂತು ‘ಸಣ್ಣ ಸ್ವಚ್ಛತೆ’ ಅಂತ ಹೇಳಿ ತೋರಿಸು. ಹೇಳಿದ್ಯೋ, ಅಲ್ಲೇ ಒಪ್ಪಿಗಿ ಒತ್ತತೀನಿ.”

ಇದೆಲ್ಲವನ್ನೂ ಕೇಳುತ್ತ ನಿಂತಿದ್ದ ಧನರಾಜ ಸ್ಪ್ಯಾನರ್ ಕೆಳಗಿಟ್ಟ. ಅವನು ಸಾಧು ಮನುಷ್ಯ, ಜಗಳವೆಂದರೆ ಆಗದು.

“ನಾ ಇವತ್ತೇ ಹೋಗಿ ಆ ಡಬ್ಬಿ ಸರಿ ಮಾಡಿ ಬರತೀನಿ. ಬರೋ ಸೋಮಾರದಿಂದ ಓಡಂಗಿಲ್ಲ. ಮಾತು ತಾನೇ ತಣ್ಣಗಾಗತದ. ನಮ್ಮ ಡಬ್ಬಿ ಕೆಟ್ಟಿತ್ತು ಅಂತ ನಾವೇ ಡಂಗುರ ಹೊಡದ್ರ ನಾಳೆ ಅಂಗಡಿಗಿ ಯಾರು ಬರತಾರ?”

“ಸರಿ ಮಾಡಿ ಬಂದಿ ಅಂತೇ ತಿಳಿ,” ಎಂದೆ. “ಈ ಸೋಮಾರ ಅವರು ಸರುಬಾಯಿ ಚಾವಿ ಕಸಗೋತಾರ. ಚಾವಿ ಹೋದ ದಿನದಿಂದ ಮೋಟಾರ ಸುಮ್ಮನಾಗತದ. ಊರವರು ಏನಂತಾರ? ನೋಡ್ರಿ, ಚಾವಿ ಕಸಗೊಂಡ್ವಿ, ಕಳುವು ನಿಂತಿತು ಅಂತಾರ. ನಾವು ಗುಪ್‌ಚುಪ್ ರಿಪೇರಿ ಮಾಡಿದ್ರ ಆಕಿಯ ಹಣಿ ಮ್ಯಾಲ ಕಳ್ಳಿ ಅಂತ ನಾವೇ ಬರದಂಗ ಆಗತದ.”

ಧನರಾಜ ಸ್ಪ್ಯಾನರ್ ಮತ್ತೆ ಕೈಗೆತ್ತಿಕೊಂಡ. “ಸೋಮಾರ ಗಾಡಿ ನಾ ಹೊಡೀತೀನಿ,” ಎಂದಷ್ಟೇ ಹೇಳಿದ. ಇಪ್ಪತ್ತು ವರ್ಷದ ಸಂಸಾರದಲ್ಲಿ ಅವನ ಮೇಲೆ ಅಷ್ಟು ಪ್ರೀತಿ ಬಂದ ದಿನಗಳು ಕಡಿಮೆ. ಸೋಮವಾರ ಎಲ್ಲರೂ ಕಣ್ಣಾರೆ ನೋಡಲೆಂದು ಡಬ್ಬಿಯನ್ನು ನಾವು ಮುಟ್ಟಲಿಲ್ಲ.

ಸೋಮವಾರ ಎಂಟೂವರೆಗೆ ನಾವು ವಲಾಂಡಿ ತಲುಪುವಾಗ ಭಾವಕಿಯವರೆಲ್ಲ ಬಾವಿಯ ಬಳಿ ಬೇವಿನ ನೆರಳಲ್ಲಿ ಕುಳಿತಿದ್ದರು. ಕೆಲಸಕ್ಕಲ್ಲ, ಬರೀ ಕೂರುವುದಕ್ಕೆ ಬಂದದ್ದರಿಂದ ದೋಷವಿಲ್ಲವೆಂದು ಕಾಶೆಪ್ಪ ಮೊದಲೇ ಹೇಳಿದ್ದರಂತೆ. ಸರುಬಾಯಿ ಒಬ್ಬಳೇ ಬದುವಿನ ಮೇಲೆ ನಿಂತಿದ್ದಳು. ನಾನು ಬರುತ್ತಿರುವ ವಿಷಯ ಆಕೆಗೆ ಫೋನಿನಲ್ಲಿ ಹೇಳಿದ್ದೆ. ಆದರೂ ಆಕೆ ನನ್ನನ್ನು ನೋಡಿ ನಗಲಿಲ್ಲ. ಯಾಕೆ ನಗಬೇಕು?

ನಿಲಂಗಾದ ಕಡೆಯಿಂದ ಒಂದು ಮೋಟಾರ್‌ಸೈಕಲ್ ಬಂದು ನಿಂತಿತು. ವಿರೂಪಾಕ್ಷ. ಮುಖ ಗಂಟು ಹಾಕಿಕೊಂಡಿದ್ದ, ಆದರೆ ಬಂದಿದ್ದ.

ನಾನು ಕಾಶೆಪ್ಪನವರ ಮುಂದೆ ನಿಂತು ಹೇಳಿದೆ. “ಕಾಕಾ, ಚಾವಿ ಸರುಬಾಯಿ ಕಡಿಂದ ಈಗೇ ತಗೋರಿ. ಕೋಣಿ ಬಾಗಲು ನೀವೇ ಎಳದು ನೋಡ್ರಿ, ಚಾವಿ ನಿಮ್ಮ ಮುಟಗ್ಯಾಗೇ ಇರ್ಲಿ. ಒಂಬತ್ತರ ತನ ಯಾರೂ ಏಳಬ್ಯಾಡ್ರಿ. ಅದಕ್ಕ ಮೊದಲಽ ನನ್ನ ಮಾತು ಕೇಳ್ರಿ. ಸೋಮಾರದ ಸಾಲು ಖಾಲಿ ಬಿಟ್ಟಾಕಿ ನಾ. ಖಾಲಿ ಸಾಲು ಕಂಡ್ರ ಈ ಹೊಸ ಪ್ರೋಗ್ರಾಮ ಐತವಾರದ ಅಂಕಿನೇ ಹಿಡೀತದ. ಅದನ್ನ ಓದಿ ನೋಡೋದು ನನ್ನ ಕೆಲಸ ಇತ್ತು, ನಾ ಮದುವಿ ಪಂಕ್ತ್ಯಾಗ ಕೂತು ಓದಲಾರದೆ ಸರಿ ಅದ ಅಂದೆ. ಇಲ್ಲಿ ಸೋಮಾರ ಮುರದಿದ್ದು ಯಾರಾದ್ರೂ ಇದ್ರ ಅದು ನಾ. ಈ ಹೆಣ್ಣುಮಗಳಲ್ಲ.”

ಶಿವರಾಯ ನಕ್ಕ. “ಹೆಂಗಸರು ಹೆಂಗಸರು ಕೂಡಿ ಛಲೋ ಕತಿ ಕಟ್ಟ್ಯಾರ. ಮೋಟಾರ ತಾನೇ ಹತ್ತತದಂತ. ನಾಳಿ ಎತ್ತು ತಾನೇ ನೊಗ ಹೊತ್ತು ಬರತಾವ ಅಂತೀರಿ.”

ಕೆಲವರು ನಕ್ಕರು. ಕಾಶೆಪ್ಪ ನಗಲಿಲ್ಲ. ಚಾವಿ ತೆಗೆದುಕೊಂಡರು, ಬಾಗಿಲು ಎಳೆದು ನೋಡಿದರು, ಬಂದು ಕುಳಿತರು. ಕೋಡ್ ಏನು ಮಾಡುತ್ತದೆಂದು ಸಾಲುಸಾಲಾಗಿ ಗೊತ್ತಿದ್ದರೂ, ಇವತ್ತೊಂದು ದಿನ ಆ ಡಬ್ಬಿ ಒಳ್ಳೆಯ ಬುದ್ಧಿ ಕಲಿತುಬಿಟ್ಟರೆ ಏನು ಗತಿ ಎಂಬ ಹುಚ್ಚು ಯೋಚನೆ ಬಂತು.

ಒಂಬತ್ತಕ್ಕೆ ಬೀಗ ಹಾಕಿದ ಕೋಣೆಯೊಳಗೆ ಟಪ್ ಎಂದಿತು. ಬಾವಿಯೊಳಗಿಂದ ಮೋಟಾರಿನ ಸದ್ದು ಎದ್ದಿತು. ಪೈಪು ಒಮ್ಮೆ ನಡುಗಿತು, ನೀರು ಹೊರಟಿತು.

ಕಾಶೆಪ್ಪ ಮುಷ್ಟಿ ಬಿಚ್ಚಿ ತಮ್ಮ ಅಂಗೈಯ ಚಾವಿ ನೋಡಿಕೊಂಡರು. ಆಮೇಲೆ ಎದ್ದು, ಚಪ್ಪಲಿ ಬಿಟ್ಟು, ಪೈಪಿನ ಜೊತೆಗೇ ನಡೆಯುತ್ತ ಹೋದರು. ನೀರು ಎಲ್ಲಿಗೆ ಹೋಗುತ್ತದೆ ಎಂದು ನಾನೂ ಅಲ್ಲಿಯ ತನಕ ಯೋಚಿಸಿರಲಿಲ್ಲ. ವಾಲ್ವ್ ತಿರುಗಿಸುವುದು ಕೈಯಿಂದ. ಐತವಾರ ಶಿವರಾಯ ತನ್ನ ಕಡೆ ತಿರುಗಿಸಿದ ವಾಲ್ವ್ ಮಂಗಳವಾರದ ತನಕ ಹಾಗೇ ಇರುತ್ತದೆ. ನೀರು ನೆಟ್ಟಗೆ ಶಿವರಾಯನ ಕಬ್ಬಿನೊಳಗೆ ಇಳಿಯುತ್ತಿತ್ತು. ತಲೆ ಮೀರಿ ಬೆಳೆದ ಕಬ್ಬು. ಒಳಗೆ ಎಷ್ಟು ನೀರು ನಿಂತರೂ ದಾರಿಯಲ್ಲಿ ಹೋಗುವವರಿಗೆ ಕಾಣುವುದಿಲ್ಲ.

“ಶಿವರಾಯ,” ಎಂದರು ಕಾಶೆಪ್ಪ ಕಬ್ಬಿನ ಅಂಚಿನಿಂದ. “ಇಲ್ಲಿ ಮೊಣಕಾಲ ತನ ಕೆಸರದ. ಒಂದು ದಿನದ ಕೆಸರಲ್ಲ ಇದು. ಮೂರು ವಾರ ನಿನಗ ಕಂಡಿಲ್ಲೇನು?”

ಶಿವರಾಯನ ಮುಖ ಕಪ್ಪಿಟ್ಟಿತು. ಅವನು ಎದ್ದು ದಬದಬನೆ ಸೌರ ಫಲಕದ ಕಡೆ ನಡೆದ. ಅದರ ಕೆಳಗೆ ಕರೆಂಟು ಕಡಿಯುವ ದೊಡ್ಡ ಸ್ವಿಚ್ ಇದೆ. ಸರುಬಾಯಿ ಅವನಿಗಿಂತ ಮೊದಲು ಅಲ್ಲಿಗೆ ಹೋಗಿ ನಿಂತಳು.

“ಭಾವ, ಕೈ ಹಚ್ಚಬ್ಯಾಡ್ರಿ. ಇವತ್ತ ಸೋಮಾರ ಅದ.”

ಅವನು ಕಾಶೆಪ್ಪನವರ ಕಡೆ ನೋಡಿದ. ಅವರು ತಿರುಗಿ ಬಂದು ಬೇವಿನ ಕೆಳಗೆ ಕುಳಿತರು. ಶಿವರಾಯನೂ ಕುಳಿತುಕೊಳ್ಳಬೇಕಾಯಿತು. ನಾಲ್ಕು ತಾಸು ಮೋಟಾರು ಓಡಿತು. ನಾಲ್ಕು ತಾಸು ಎಲ್ಲರೂ ಕುಳಿತು ಅವನ ಕಬ್ಬಿಗೆ ನೀರು ಹೋಗುವುದನ್ನು ನೋಡಿದರು. ಅಷ್ಟು ಉದ್ದದ ಪಂಚಾಯ್ತಿಯನ್ನು ನಾನು ಕಂಡಿಲ್ಲ, ಅಷ್ಟು ಕಡಿಮೆ ಮಾತಿನದನ್ನೂ ಕಂಡಿಲ್ಲ.

ವಿರೂಪಾಕ್ಷ ಎದ್ದು ಸರುಬಾಯಿಯ ಬಳಿ ಹೋಗಿ, “ಅಕ್ಕಾ, ಇದು ನಾ ಬರದಿದ್ದು,” ಎಂದ. ಆಕೆ ಅವನನ್ನು ಮೇಲಿಂದ ಕೆಳಗೆ ನೋಡಿದಳು. “ನನಗ ಹೇಳಬ್ಯಾಡಪ್ಪ. ನನಗ ಮೊದಲೇ ಗೊತ್ತಿತ್ತು. ಗೊತ್ತಿಲ್ಲದವರಿಗಿ ಹೇಳು.”

ಅವನು ನೆರಳಿಗೆ ಬಂದು ಫೋನಿನಲ್ಲಿ ಬರೆಯತೊಡಗಿದ. ಬರೆದು ನನಗೆ ಕಳಿಸಿದ. ‘ಕೆಲವು ಸಂದರ್ಭಗಳಲ್ಲಿ ಮೋಟಾರು ಓಡುವ ಸಾಧ್ಯತೆ ಇತ್ತು’ ಎಂದಿತ್ತು. ಅವನ ಪಕ್ಕದಲ್ಲೇ ಕುಳಿತು ‘ಒಪ್ಪಿಗೆ ಇಲ್ಲ’ ಎಂದು ಒತ್ತಿದೆ. ಅವನು ಬಾವಿಯ ಕಡೆ ನೋಡಿದ. ಮೋಟಾರು ಓಡುತ್ತಲೇ ಇತ್ತು. ‘ಸಾಧ್ಯತೆ’ ಅಳಿಸಿದ. ಎರಡನೆಯ ಸಲ ಬಂದದ್ದರಲ್ಲಿ ಹೀಗಿತ್ತು: ಖಾಲಿ ಬಿಟ್ಟ ದಿನ ಮೋಟಾರು ಹಿಂದಿನ ದಿನದ ಅಂಕಿ ಹಿಡಿದು ತಾನೇ ಓಡಿದೆ. ತಪ್ಪು ನಮ್ಮದು. ನಿಮ್ಮಲ್ಲಿ ಇದಕ್ಕಾಗಿ ಯಾರ ಮೇಲಾದರೂ ಆರೋಪ ಹೊರಿಸಿದ್ದರೆ ಹಿಂದೆ ತೆಗೆದುಕೊಳ್ಳಿ. ಕೆಳಗೆ ಅವನ ಹೆಸರು, ಅದರ ಕೆಳಗೆ ನನ್ನ ಹೆಸರು. ಸಾಲುಸಾಲು ಓದಿದೆ, ಕೋಡನ್ನೂ ಮತ್ತೊಮ್ಮೆ ಓದಿದೆ, ಆಮೇಲೆ ಒಪ್ಪಿಗೆ ಕೊಟ್ಟೆ. ಕಂಪನಿ ಏನು ಮಾಡುತ್ತದೋ ನಮ್ಮಿಬ್ಬರಿಗೂ ಗೊತ್ತಿರಲಿಲ್ಲ, ಅವನು ಅದರ ಹೆಸರೂ ಎತ್ತಲಿಲ್ಲ.

ಒಂದು ಗಂಟೆಗೆ ಮೋಟಾರು ತಾನೇ ನಿಂತಿತು. ಕಾಶೆಪ್ಪ ಎದ್ದು ಸರುಬಾಯಿಯ ಮುಂದೆ ಹೋಗಿ ಚಾವಿ ಚಾಚಿದರು.

“ತಗೋ ಅವ್ವಾ. ನಮ್ಮದು ತಪ್ಪಾಯ್ತು.”

ಸರುಬಾಯಿ ಕೈ ಕಟ್ಟಿಕೊಂಡೇ ನಿಂತಿದ್ದಳು.

“ಚಾವಿ ನನ್ನ ಬಲ್ಲಿ ಇತ್ತು ಅಂತ್ಲೇ ನಾ ಕಳ್ಳಿ ಆದೆ ಕಾಕಾ. ಇನ್ನ ಭಾವ ಇಟ್ಟುಕೊಳ್ಳಲಿ. ಮುಂದ ಯಾವ ಸೋಮಾರ ಮೋಟಾರ ಓಡಿದ್ರೂ, ನಾ ಮೊದಲು ಅವರ ಮನಿಗಿ ಹೋಗಿ ಏನಾಯ್ತು ಅಂತ ಕೇಳತೀನಿ. ಆಮ್ಯಾಲ ಊರಿಗಿ ಹೇಳತೀನಿ.”

ಕಾಶೆಪ್ಪ ಶಿವರಾಯನ ಕಡೆ ತಿರುಗಿ ಚಾವಿ ಚಾಚಿದರು. ಶಿವರಾಯ ಕೈ ಮುಂದೆ ಮಾಡಲಿಲ್ಲ. ನಾವು ಗಾಡಿ ಹತ್ತಿ ಹೊರಡುವಾಗಲೂ ಆ ಮುದುಕರ ಕೈ ಹಾಗೇ ಚಾಚಿಕೊಂಡಿತ್ತು.